ಅರಿಶಿನ: ಆರೋಗ್ಯದಲ್ಲಿ ಹಾಗೂ ನಿತ್ಯಜೀವನದಲ್ಲಿ ಅದರ ಬಳಕೆ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಅರಿಶಿನವು ನಮ್ಮ ನಾಡಿನ ಪ್ರತಿಯೊಂದು ಮನೆಯ ಅಡುಗೆಕೋಣೆಯಲ್ಲಿಯೂ ದೇವರ ಕೋಣೆಯಲ್ಲಿಯೂ ಇರುವ ವಸ್ತು. ಸಾರಿನ ಪುಡಿಯಿಂದ ಹಿಡಿದು ಮದುವೆಯ ಶಾಸ್ತ್ರದವರೆಗೆ, ಮಗುವಿನ ನೆಗಡಿಯಿಂದ ಹಿಡಿದು ಬಾಗಿಲ ಹೊಸ್ತಿಲಿನವರೆಗೆ ಅದರ ಬಳಕೆ ಹಬ್ಬಿದೆ. ಸಂಸ್ಕೃತದಲ್ಲಿ ಇದನ್ನು ಹರಿದ್ರಾ, ನಿಶಾ, ರಜನೀ ಎಂದು ಕರೆಯಲಾಗಿದೆ. ಹಿಂದಿಯಲ್ಲಿ ಹಲ್ದಿ, ತೆಲುಗಿನಲ್ಲಿ ಪಸುಪು, ತಮಿಳು ಮತ್ತು ತುಳು ಭಾಷೆಗಳಲ್ಲಿ ಮಂಜಳ್ ಎಂಬ ಹೆಸರುಗಳಿವೆ. ಇದರ ಸಸ್ಯಶಾಸ್ತ್ರೀಯ ಹೆಸರು ಕರ್ಕ್ಯುಮಾ ಲಾಂಗಾ. ಇದು ಶುಂಠಿಯ ಕುಟುಂಬಕ್ಕೆ ಸೇರಿದ ಸಸ್ಯವಾಗಿದ್ದು, ನೆಲದೊಳಗೆ ಬೆಳೆಯುವ ಇದರ ಗೆಡ್ಡೆಯೇ ಬಳಕೆಗೆ ಬರುವ ಮುಖ್ಯ ಭಾಗವಾಗಿದೆ.

ಅರಿಶಿನದ ಗುಣಗಳ ಬಗ್ಗೆ ಪರಂಪರೆಯಿಂದ ಬಂದ ತಿಳಿವಳಿಕೆ ಅಪಾರವಾಗಿದೆ. ಇತ್ತೀಚಿನ ದಶಕಗಳಲ್ಲಿ ಅದರ ಮೇಲೆ ವೈಜ್ಞಾನಿಕ ಸಂಶೋಧನೆಗಳೂ ನಡೆದಿವೆ. ಇದರೊಂದಿಗೆ ಅತಿಶಯೋಕ್ತಿಯ ಜಾಹೀರಾತುಗಳು, ಮಾತ್ರೆ ರೂಪದ ಸಾರಗಳ ಮಾರಾಟ ಹಾಗೂ ವಿಷಕಾರಿ ಬಣ್ಣಗಳ ಕಲಬೆರಕೆಯೂ ಹೆಚ್ಚಿವೆ. ಆದ್ದರಿಂದ ಅರಿಶಿನದ ನಿಜವಾದ ಪ್ರಯೋಜನಗಳೇನು, ಅದರ ಮಿತಿಗಳೇನು, ಶುದ್ಧ ಅರಿಶಿನವನ್ನು ಗುರುತಿಸುವ ಬಗೆ ಹೇಗೆ ಮತ್ತು ಸಂಶಯ ಬಂದಲ್ಲಿ ಗ್ರಾಹಕರು ಯಾವ ಸೇವೆಯನ್ನು ಪಡೆಯಬಹುದು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಬೆಳೆ ಮತ್ತು ಸಂಸ್ಕರಣೆ

ಜಗತ್ತಿನಲ್ಲಿ ಅತಿ ಹೆಚ್ಚು ಅರಿಶಿನ ಬೆಳೆಯುವ, ಬಳಸುವ ಹಾಗೂ ರಫ್ತು ಮಾಡುವ ದೇಶ ಭಾರತ. ಕೇಂದ್ರ ಸರ್ಕಾರವು 2023ರಲ್ಲಿ ನೀಡಿದ ಮಾಹಿತಿಯಂತೆ, 2022-23ನೇ ಸಾಲಿನಲ್ಲಿ ದೇಶದಲ್ಲಿ 3.24 ಲಕ್ಷ ಹೆಕ್ಟೇರ್ ಪ್ರದೇಶದಲ್ಲಿ 11.61 ಲಕ್ಷ ಟನ್ ಅರಿಶಿನ ಉತ್ಪಾದನೆಯಾಗಿದ್ದು, ಇದು ವಿಶ್ವದ ಒಟ್ಟು ಉತ್ಪಾದನೆಯ ಶೇ. 75ಕ್ಕಿಂತ ಹೆಚ್ಚು. ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕ ಹಾಗೂ ತಮಿಳುನಾಡು ಪ್ರಮುಖ ಉತ್ಪಾದಕ ರಾಜ್ಯಗಳಾಗಿವೆ. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಈ ಬೆಳೆಯನ್ನು ಗಣನೀಯವಾಗಿ ಬೆಳೆಯಲಾಗುತ್ತದೆ. ಬೆಳೆಗಾರರ ಹಿತಕ್ಕಾಗಿ ರಾಷ್ಟ್ರೀಯ ಅರಿಶಿನ ಮಂಡಳಿಯು 2025ರ ಜನವರಿಯಲ್ಲಿ ಕಾರ್ಯಾರಂಭ ಮಾಡಿದ್ದು, ಅದರ ಕೇಂದ್ರ ಕಚೇರಿ ತೆಲಂಗಾಣದ ನಿಜಾಮಾಬಾದಿನಲ್ಲಿದೆ.

ಮುಂಗಾರಿನ ಆರಂಭದಲ್ಲಿ ನಾಟಿ ಮಾಡಿದ ಅರಿಶಿನವು ತಳಿಗೆ ಅನುಗುಣವಾಗಿ 7ರಿಂದ 9 ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಎಲೆಗಳು ಹಳದಿ ಬಣ್ಣಕ್ಕೆ ತಿರುಗಿ ಒಣಗಿದಾಗ ಗೆಡ್ಡೆಗಳನ್ನು ಅಗೆದು ತೆಗೆಯಲಾಗುತ್ತದೆ. ತಾಯಿ ಗೆಡ್ಡೆಯನ್ನೂ ಅದರಿಂದ ಕವಲೊಡೆದ ಬೆರಳುಗಳನ್ನೂ ಬೇರ್ಪಡಿಸಿ, ತೊಳೆದು, ನೀರಿನಲ್ಲಿ ಸುಮಾರು 45ರಿಂದ 60 ನಿಮಿಷಗಳವರೆಗೆ ಬೇಯಿಸಲಾಗುತ್ತದೆ. ನೊರೆ ಉಕ್ಕಿ ವಿಶಿಷ್ಟ ಪರಿಮಳ ಹೊಮ್ಮುವುದು ಹದವಾಗಿ ಬೆಂದಿರುವುದರ ಲಕ್ಷಣ. ಬೇಯಿಸುವುದರಿಂದ ಬಣ್ಣವು ಗೆಡ್ಡೆಯ ಎಲ್ಲ ಭಾಗಕ್ಕೂ ಸಮನಾಗಿ ಹರಡುತ್ತದೆ, ಹಸಿ ವಾಸನೆ ಹೋಗುತ್ತದೆ ಮತ್ತು ಒಣಗುವ ಅವಧಿ ಕಡಿಮೆಯಾಗುತ್ತದೆ. ಅನಂತರ 10ರಿಂದ 15 ದಿನ ಬಿಸಿಲಿನಲ್ಲಿ ಒಣಗಿಸಲಾಗುತ್ತದೆ. ಹಸಿ ಗೆಡ್ಡೆಯ ತೂಕದ ಸುಮಾರು ಐದನೆಯ ಒಂದು ಭಾಗದಷ್ಟು ಮಾತ್ರ ಒಣ ಅರಿಶಿನ ದೊರೆಯುತ್ತದೆ.

ಒಣಗಿದ ಕೊಂಬಿನ ಮೇಲ್ಮೈ ಒರಟಾಗಿಯೂ ಮಂಕಾಗಿಯೂ ಇರುತ್ತದೆ. ಅದನ್ನು ತಿರುಗುವ ಪೀಪಾಯಿಗಳಲ್ಲಿ ಹಾಕಿ ಉಜ್ಜಿ ಹೊಳಪು ನೀಡಲಾಗುತ್ತದೆ. ಕಲಬೆರಕೆಯ ಬಣ್ಣವು ಬಹುಮಟ್ಟಿಗೆ ಸೇರುವುದು ಈ ಹಂತದಲ್ಲಿಯೇ ಎಂಬುದನ್ನು ಗ್ರಾಹಕರು ನೆನಪಿನಲ್ಲಿಡಬೇಕು. ಇದರ ವಿವರವನ್ನು ಮುಂದೆ ನೀಡಲಾಗಿದೆ.

ಅರಿಶಿನದ ಬಗೆಗಳು

ಅರಿಶಿನ ಎಂಬ ಹೆಸರಿನಲ್ಲಿ ಹಲವು ಸಸ್ಯಗಳು ಬಳಕೆಯಲ್ಲಿದ್ದು, ಅವುಗಳ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

1. ಅಡುಗೆ ಅರಿಶಿನ: ಸಾಂಬಾರ ಪದಾರ್ಥವಾಗಿಯೂ ಔಷಧಿಯಾಗಿಯೂ ಬಳಕೆಯಾಗುವುದು ಇದೇ.
2. ಕಸ್ತೂರಿ ಅರಿಶಿನ: ಸುವಾಸನೆಯುಳ್ಳ ಬೇರೆ ಪ್ರಭೇದ. ಇದನ್ನು ಚರ್ಮದ ಲೇಪನಕ್ಕೆ ಬಳಸಲಾಗುತ್ತದೆ; ಅಡುಗೆಗೆ ಸಾಮಾನ್ಯವಾಗಿ ಬಳಸುವುದಿಲ್ಲ.
3. ಮಾವಿನ ಶುಂಠಿ: ಹಸಿ ಮಾವಿನಕಾಯಿಯ ಪರಿಮಳವುಳ್ಳ ಗೆಡ್ಡೆ. ಉಪ್ಪಿನಕಾಯಿ ಮತ್ತು ಚಟ್ನಿಗೆ ಉಪಯುಕ್ತ.
4. ಮರದ ಅರಿಶಿನ: ಪಶ್ಚಿಮ ಘಟ್ಟಗಳ ಕಾಡಿನಲ್ಲಿ ಬೆಳೆಯುವ ಬಳ್ಳಿ. ಇದು ಅರಿಶಿನದ ಕುಟುಂಬಕ್ಕೆ ಸೇರಿದ್ದಲ್ಲ. ಅತಿಯಾದ ಸಂಗ್ರಹಣೆಯಿಂದ ಅಳಿವಿನ ಅಂಚಿಗೆ ಬಂದಿರುವುದರಿಂದ ಇದನ್ನು ಕಾಡಿನಿಂದ ಕಿತ್ತು ತರಬಾರದು.

ಅರಿಶಿನದಲ್ಲಿರುವ ಅಂಶಗಳು

ಒಣ ಅರಿಶಿನದಲ್ಲಿ ಪಿಷ್ಟ, ನಾರು, ಖನಿಜಾಂಶಗಳು, ಸುಗಂಧ ತೈಲ ಹಾಗೂ ಬಣ್ಣದ ಅಂಶಗಳಿರುತ್ತವೆ. ಪರಿಮಳಕ್ಕೆ ಕಾರಣವಾದ ತೈಲದಲ್ಲಿ ಟರ್ಮರೋನ್ ಎಂಬ ಅಂಶ ಪ್ರಮುಖವಾಗಿದೆ. ಹಳದಿ ಬಣ್ಣವು ಕರ್ಕ್ಯುಮಿನಾಯ್ಡ್ ಎಂಬ ಗುಂಪಿನ ಮೂರು ರಾಸಾಯನಿಕಗಳಿಂದ ಬರುತ್ತದೆ. ಅವುಗಳಲ್ಲಿ ಮುಖ್ಯವಾದುದು ಕರ್ಕ್ಯುಮಿನ್. ಇದನ್ನು 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯರ್ ಎಂಬ ವಿಜ್ಞಾನಿಗಳು ಪ್ರತ್ಯೇಕಿಸಿದರು. 1910ರಲ್ಲಿ ಅದರ ರಚನೆಯನ್ನು ನಿರ್ಧರಿಸಲಾಯಿತು.

ಸಾಮಾನ್ಯ ಅರಿಶಿನ ಪುಡಿಯಲ್ಲಿ ಈ ಅಂಶವು ಶೇ. 2ರಿಂದ 5ರಷ್ಟು ಇರುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಪ್ರಭಾ ಮತ್ತು ಪ್ರತಿಭಾ ತಳಿಗಳಲ್ಲಿ ಹಾಗೂ ಮೇಘಾಲಯದ ಲಕಡಾಂಗ್ ಅರಿಶಿನದಲ್ಲಿ ಇದು ಶೇ. 6ಕ್ಕೂ ಹೆಚ್ಚು. ಇದರಿಂದ ಒಂದು ಲೆಕ್ಕ ಸ್ಪಷ್ಟವಾಗುತ್ತದೆ: ಒಬ್ಬ ವ್ಯಕ್ತಿಯು ದಿನಕ್ಕೆ 2 ಗ್ರಾಂ ಅರಿಶಿನ ಪುಡಿಯನ್ನು ಆಹಾರದೊಂದಿಗೆ ಸೇವಿಸಿದರೆ, ಅದರಿಂದ ದೊರೆಯುವ ಕರ್ಕ್ಯುಮಿನಾಯ್ಡ್ ಅಂಶ 40ರಿಂದ 100 ಮಿಲಿಗ್ರಾಂ ಮಾತ್ರ. ಸಂಶೋಧನೆಗಳಲ್ಲಿ ಬಳಸುವ ಪ್ರಮಾಣವು ಇದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಆದ್ದರಿಂದ ಸಂಶೋಧನೆಯೊಂದರ ಫಲಿತಾಂಶವನ್ನು ಊಟದ ಅರಿಶಿನಕ್ಕೆ ನೇರವಾಗಿ ಅನ್ವಯಿಸಲಾಗದು.

ಆಯುರ್ವೇದದಲ್ಲಿ ಅರಿಶಿನ

ಆಯುರ್ವೇದದಲ್ಲಿ ಅರಿಶಿನವನ್ನು ಕಹಿ ಮತ್ತು ಕಟು ರಸವುಳ್ಳ, ಉಷ್ಣ ವೀರ್ಯದ, ರೂಕ್ಷ ಗುಣದ ದ್ರವ್ಯವೆಂದು ವರ್ಣಿಸಲಾಗಿದೆ. ಚರಕಸಂಹಿತೆಯು ಇದನ್ನು ಲೇಖನೀಯ, ಕುಷ್ಠಘ್ನ ಮತ್ತು ವಿಷಘ್ನ ಗಣಗಳಲ್ಲಿ ಸೇರಿಸಿದೆ. ಚರ್ಮರೋಗ, ಪ್ರಮೇಹ, ಗಾಯ, ಕೆಮ್ಮು ಹಾಗೂ ನೆಗಡಿಯಲ್ಲಿ ಇದರ ಬಳಕೆಯನ್ನು ಹೇಳಲಾಗಿದೆ. ಅರಿಶಿನ ಮತ್ತು ನೆಲ್ಲಿಕಾಯಿ ಸೇರಿದ ನಿಶಾಮಲಕಿ ಎಂಬ ಯೋಗವು ಪ್ರಮೇಹದಲ್ಲಿಯೂ, ಹರಿದ್ರಾಖಂಡ ಎಂಬ ಔಷಧವು ಪಿತ್ತದ ಗಂಧೆಗಳಲ್ಲಿಯೂ ಪ್ರಸಿದ್ಧವಾಗಿವೆ. ಇವುಗಳನ್ನು ರೋಗಿಯ ಪ್ರಕೃತಿ, ವಯಸ್ಸು ಮತ್ತು ರೋಗದ ಅವಸ್ಥೆಯನ್ನು ಪರಿಶೀಲಿಸಿ ನೀಡಬೇಕಾಗಿರುವುದರಿಂದ, ನೋಂದಾಯಿತ ಆಯುರ್ವೇದ ವೈದ್ಯರ ಸಲಹೆಯಂತೆಯೇ ಸೇವಿಸುವುದು ಸೂಕ್ತ.

ಪಾರಂಪರಿಕ ಜ್ಞಾನದ ರಕ್ಷಣೆ

ಅರಿಶಿನದ ಪಾರಂಪರಿಕ ಬಳಕೆಯು ಒಮ್ಮೆ ಅಂತಾರಾಷ್ಟ್ರೀಯ ವಿವಾದಕ್ಕೂ ಕಾರಣವಾಗಿತ್ತು. 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ನೀಡಿತು. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು 1996ರಲ್ಲಿ ಇದನ್ನು ಪ್ರಶ್ನಿಸಿ, ಈ ಬಳಕೆಯು ಹೊಸತಲ್ಲವೆಂಬುದಕ್ಕೆ ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳ ಹಾಗೂ 1953ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನವೊಂದರ ಸಾಕ್ಷ್ಯವನ್ನು ಒದಗಿಸಿತು. 1997ರ ಆಗಸ್ಟ್ ತಿಂಗಳಲ್ಲಿ ಪೇಟೆಂಟ್ ಹಕ್ಕುಗಳು ತಿರಸ್ಕೃತವಾದವು. ಮನೆಮನೆಯ ತಿಳಿವಳಿಕೆಯು ಲಿಖಿತ ದಾಖಲೆಯಾಗಿದ್ದುದೇ ಈ ಗೆಲುವಿಗೆ ಆಧಾರವಾಯಿತು. ಈ ಅನುಭವದ ಹಿನ್ನೆಲೆಯಲ್ಲಿ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಯೋಜನೆಯನ್ನು ಕೈಗೊಳ್ಳಲಾಯಿತು.

ಆಧುನಿಕ ಸಂಶೋಧನೆಗಳು ತಿಳಿಸುವುದೇನು?

ಪ್ರಯೋಗಾಲಯದ ಅಧ್ಯಯನಗಳಲ್ಲಿ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುವ, ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುವ ಹಾಗೂ ಆಕ್ಸಿಡೀಕರಣವನ್ನು ಕಡಿಮೆ ಮಾಡುವ ಗುಣಗಳನ್ನು ತೋರಿಸಿದೆ. ಆದರೆ ಪ್ರಯೋಗಾಲಯದಲ್ಲಿ ಕಂಡುಬಂದ ಪರಿಣಾಮ ಮನುಷ್ಯನ ದೇಹದಲ್ಲಿಯೂ ಅಷ್ಟೇ ಪ್ರಮಾಣದಲ್ಲಿ ಕಂಡುಬರುತ್ತದೆ ಎಂದು ಹೇಳಲಾಗದು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದೂ ಯಕೃತ್ತಿನಲ್ಲಿ ಬೇಗನೆ ಮಾರ್ಪಟ್ಟು ಹೊರಹೋಗುತ್ತದೆ.

ಈ ಕುರಿತು ಮಹತ್ವದ ಅಧ್ಯಯನವೊಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾಯಿತು. ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರವನ್ನೇ ನೀಡಿದಾಗ ರಕ್ತದಲ್ಲಿ ಅದರ ಅಂಶ ಪತ್ತೆಯಾಗದಷ್ಟು ಅಥವಾ ಅತಿ ಕಡಿಮೆ ಪ್ರಮಾಣದಲ್ಲಿತ್ತು. ಅದರೊಂದಿಗೆ ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಸೇರಿಸಿ ನೀಡಿದಾಗ ದೇಹಕ್ಕೆ ದೊರೆಯುವ ಪ್ರಮಾಣವು ಶೇ. 2000ರಷ್ಟು ಹೆಚ್ಚಿತು. ಅರಿಶಿನ ಮತ್ತು ಮೆಣಸನ್ನು ಒಟ್ಟಿಗೆ ಬಳಸುವ ಸಾರು, ಕಷಾಯಗಳ ಪದ್ಧತಿಯನ್ನು ಈ ದೃಷ್ಟಿಯಿಂದ ನೋಡಬಹುದಾಗಿದೆ. ಎಣ್ಣೆ ಅಥವಾ ತುಪ್ಪದ ಒಗ್ಗರಣೆಯಲ್ಲಿ ಅರಿಶಿನ ಚೆನ್ನಾಗಿ ಬೆರೆಯುವುದಕ್ಕೂ ಅದು ಜಿಡ್ಡಿನಲ್ಲಿ ಕರಗುವ ಗುಣವೇ ಕಾರಣ.

ಮಂಡಿಯ ಸಂಧಿವಾತದಲ್ಲಿ ಅರಿಶಿನದ ಸಾರವು ನೋವನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಹುದೆಂದು ಕೆಲವು ಅಧ್ಯಯನಗಳು ತಿಳಿಸಿವೆ. ಥಾಯ್ಲೆಂಡಿನಲ್ಲಿ 367 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರವು ನಾಲ್ಕು ವಾರಗಳ ಅವಧಿಯಲ್ಲಿ ಐಬುಪ್ರೊಫೆನ್ ಮಾತ್ರೆಗೆ ಸಮನಾದ ಉಪಶಮನ ನೀಡಿತೆಂದು ವರದಿಯಾಗಿದೆ. ಇನ್ನೊಂದೆಡೆ, 2017ರಲ್ಲಿ ಪ್ರಕಟವಾದ ವಿಸ್ತೃತ ವೈಜ್ಞಾನಿಕ ವಿಮರ್ಶೆಯೊಂದು, ಕರ್ಕ್ಯುಮಿನ್ ಯಾವುದೇ ರೋಗಕ್ಕೆ ದೃಢಪಟ್ಟ ಔಷಧವೆಂದು ಹೇಳಲು ಸಾಕಷ್ಟು ಪುರಾವೆಯಿಲ್ಲವೆಂದು ಅಭಿಪ್ರಾಯಪಟ್ಟಿದೆ.

ಆದ್ದರಿಂದ ಅರಿಶಿನವು ಉತ್ತಮ ಆಹಾರದ ಒಂದು ಭಾಗ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಯಾನ್ಸರ್, ಮಧುಮೇಹ, ಕ್ಷಯ, ಹೃದ್ರೋಗ ಮುಂತಾದ ಕಾಯಿಲೆಗಳಿಗೆ ವೈದ್ಯರು ನೀಡಿದ ಚಿಕಿತ್ಸೆಯನ್ನು ನಿಲ್ಲಿಸಿ ಅರಿಶಿನವನ್ನೇ ನೆಚ್ಚಿಕೊಳ್ಳುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು. 2020ರ ಮಾರ್ಚ್ ತಿಂಗಳಲ್ಲಿ ಆಯುಷ್ ಸಚಿವಾಲಯವು 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಬೆರೆಸಿ ಕುಡಿಯುವ ಸಲಹೆಯನ್ನು ರೋಗನಿರೋಧಕ ಶಕ್ತಿಯ ಪೋಷಣೆಗಾಗಿ ನೀಡಿತ್ತೇ ಹೊರತು ಕೋವಿಡ್ ರೋಗದ ಚಿಕಿತ್ಸೆಯೆಂದು ಹೇಳಿರಲಿಲ್ಲ.

ನಿತ್ಯಜೀವನದಲ್ಲಿ ಉಪಯೋಗಗಳು

1. ಆಹಾರದಲ್ಲಿ: ಬೇಳೆ, ತರಕಾರಿ, ಪಲ್ಯ, ಚಿತ್ರಾನ್ನ, ಉಪ್ಪಿನಕಾಯಿಗಳಲ್ಲಿ ಬಣ್ಣ ಮತ್ತು ರುಚಿಗಾಗಿ ಬಳಸಲಾಗುತ್ತದೆ. ಮೀನು, ಮಾಂಸಗಳನ್ನು ತೊಳೆದು ಅರಿಶಿನ ಹಚ್ಚಿಡುವ ಪದ್ಧತಿಯಿಂದ ಹಸಿ ವಾಸನೆ ಕಡಿಮೆಯಾಗುತ್ತದೆ. ಆದರೆ ಇದು ಶೀತಲೀಕರಣಕ್ಕೆ ಪರ್ಯಾಯವಲ್ಲ.

2. ಎಲೆಯ ಬಳಕೆ: ಕರಾವಳಿಯಲ್ಲಿ ನಾಗರಪಂಚಮಿಯಂದು ಅಕ್ಕಿಹಿಟ್ಟು, ಕಾಯಿ, ಬೆಲ್ಲಗಳನ್ನು ಅರಿಶಿನದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಕಡುಬು ಪ್ರಸಿದ್ಧ. ಎಲೆಯ ಪರಿಮಳವೇ ಈ ತಿನಿಸಿನ ವಿಶೇಷ.

3. ನೆಗಡಿ, ಕೆಮ್ಮು, ಗಂಟಲು ನೋವು: ಬಿಸಿ ಹಾಲಿಗೆ ಅಥವಾ ಬಿಸಿ ನೀರಿಗೆ ಕಾಲು ಚಮಚದಿಂದ ಅರ್ಧ ಚಮಚದಷ್ಟು ಅರಿಶಿನ ಹಾಗೂ ಚಿಟಿಕೆ ಮೆಣಸಿನ ಪುಡಿ ಬೆರೆಸಿ ಕುಡಿಯುವುದರಿಂದ ಗಂಟಲಿಗೆ ಹಿತವೆನಿಸುತ್ತದೆ. ಉಪ್ಪು ಮತ್ತು ಅರಿಶಿನ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಬಹುದು. ಜ್ವರವು ಮೂರು ದಿನಗಳಿಗಿಂತ ಹೆಚ್ಚು ಇದ್ದಲ್ಲಿ, ಉಸಿರಾಟಕ್ಕೆ ತೊಂದರೆಯಾದಲ್ಲಿ ಅಥವಾ ಕೆಮ್ಮು ಎರಡು ವಾರಗಳಾದರೂ ನಿಲ್ಲದಿದ್ದಲ್ಲಿ ಆಸ್ಪತ್ರೆಗೆ ಹೋಗಬೇಕು.

4. ಚರ್ಮದ ಆರೈಕೆ: ಕಡಲೆಹಿಟ್ಟು, ಹಾಲಿನ ಕೆನೆ ಅಥವಾ ಮೊಸರಿನೊಂದಿಗೆ ಲೇಪನವಾಗಿ ಬಳಸಲಾಗುತ್ತದೆ. ಕೆಲವರಿಗೆ ಅರಿಶಿನದಿಂದ ತುರಿಕೆ, ಕೆಂಪಾಗುವಿಕೆ ಕಾಣಿಸಬಹುದು. ಅಂಥವರು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡುವುದು ಒಳಿತು.

5. ಸಣ್ಣಪುಟ್ಟ ಗೀರುಗಾಯ: ಅಡುಗೆಮನೆಯಲ್ಲಿ ಆಗುವ ಸಣ್ಣ ಗೀರಿಗೆ ಅರಿಶಿನ ಹಚ್ಚುವ ರೂಢಿಯಿದೆ. ಮೊದಲು ಗಾಯವನ್ನು ಶುದ್ಧ ನೀರು ಮತ್ತು ಸೋಪಿನಿಂದ ತೊಳೆಯುವುದು ಮುಖ್ಯ. ಆಳವಾದ ಗಾಯ, ತುಕ್ಕು ಹಿಡಿದ ವಸ್ತುವಿನಿಂದಾದ ಗಾಯ, ನಾಯಿ ಅಥವಾ ಇತರ ಪ್ರಾಣಿಗಳ ಕಡಿತಕ್ಕೆ ಅರಿಶಿನ ತುಂಬಿ ಮನೆಯಲ್ಲಿ ಕುಳಿತುಕೊಳ್ಳಬಾರದು. ನಾಯಿ ಕಚ್ಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಕೂಡಲೇ ಲಸಿಕೆ ಪಡೆಯಬೇಕು. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಹಾಯಿಸಬೇಕು. ಅರಿಶಿನ ಅಥವಾ ಇನ್ನಾವುದೇ ಪುಡಿಯನ್ನು ಹಚ್ಚಬಾರದು.

6. ಶುಭಕಾರ್ಯಗಳಲ್ಲಿ: ಅರಿಶಿನ ಕುಂಕುಮ, ಮದುವೆಯ ಅರಿಶಿನ ಶಾಸ್ತ್ರ, ಅಕ್ಷತೆ, ಹೊಸ್ತಿಲ ಪೂಜೆ, ಅರಿಶಿನದ ಗಣಪತಿ, ಆಮಂತ್ರಣ ಪತ್ರಿಕೆಯ ಮೂಲೆಗೆ ಹಚ್ಚುವ ಅರಿಶಿನ ಮುಂತಾದವು ಸರ್ವವಿದಿತ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಅದು ಕೆಂಪಾಗುತ್ತದೆ. ಆರತಿಯ ಕೆಂಪು ನೀರು, ಓಕುಳಿ ಮತ್ತು ಸಾಂಪ್ರದಾಯಿಕ ಕುಂಕುಮದ ಬಣ್ಣಕ್ಕೆ ಈ ಕ್ಷಾರ ಗುಣವೇ ಆಧಾರ.

7. ಬಟ್ಟೆಯ ಕಲೆ: ಅರಿಶಿನದ ಕಲೆಗೆ ಸೋಪು ತಾಗಿದಾಗ ಕೆಂಪಾಗುವುದೂ ಇದೇ ಕಾರಣದಿಂದ. ತೊಳೆದ ಬಟ್ಟೆಯನ್ನು ಬಿಸಿಲಿನಲ್ಲಿ ಒಣಹಾಕಿದರೆ ಬೆಳಕಿಗೆ ಬಣ್ಣವು ಕ್ರಮೇಣ ಮಾಸುತ್ತದೆ. ಬೆಳಕಿಗೆ ಬಣ್ಣ ಕಳೆದುಕೊಳ್ಳುವ ಗುಣವಿರುವುದರಿಂದಲೇ ಅರಿಶಿನ ಪುಡಿಯನ್ನು ಬೆಳಕು, ತೇವ ತಾಗದ ಮುಚ್ಚಳವಿರುವ ಡಬ್ಬಿಯಲ್ಲಿ ಇಡಬೇಕು.

ತಾಯಂದಿರು ಗಮನಿಸಬೇಕಾದ ವಿಷಯಗಳು

ನವಜಾತ ಶಿಶುವಿನ ಹೊಕ್ಕುಳಬಳ್ಳಿಗೆ ಅರಿಶಿನ, ಎಣ್ಣೆ, ಬೂದಿ ಮುಂತಾದವನ್ನು ಹಚ್ಚುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಇದರಿಂದ ಸೋಂಕು ತಗಲುವ ಸಂಭವವಿರುತ್ತದೆ. ಹೊಕ್ಕುಳಬಳ್ಳಿಯನ್ನು ಸ್ವಚ್ಛವಾಗಿ, ಒಣದಾಗಿ ಇಡುವುದೇ ಸರಿಯಾದ ಕ್ರಮ. ವೈದ್ಯರು ಅಥವಾ ಆರೋಗ್ಯ ಸಹಾಯಕಿಯರು ಸೂಚಿಸಿದ ಔಷಧಿಯ ಹೊರತು ಬೇರೇನನ್ನೂ ಹಚ್ಚಬಾರದು.

ಕಾಮಾಲೆಯಾದವರಿಗೆ ಅರಿಶಿನ ಹಾಕಿದ ಅಡುಗೆ ಕೊಟ್ಟರೆ ಕಣ್ಣು, ಮೈ ಮತ್ತಷ್ಟು ಹಳದಿಯಾಗುತ್ತದೆ ಎಂಬ ನಂಬಿಕೆಯಿದೆ. ಕಾಮಾಲೆಯ ಹಳದಿ ಬಣ್ಣಕ್ಕೆ ರಕ್ತದಲ್ಲಿ ಹೆಚ್ಚಾಗುವ ಬಿಲಿರುಬಿನ್ ಕಾರಣವೇ ಹೊರತು ಅರಿಶಿನವಲ್ಲ. ಆದರೆ ಕಾಮಾಲೆ ಇರುವವರು ಅರಿಶಿನದ ಮಾತ್ರೆ, ಸಾರಗಳನ್ನು ಸೇವಿಸಬಾರದು.

ಯಾರು ಎಚ್ಚರ ವಹಿಸಬೇಕು?

ಅಡುಗೆಯ ಪ್ರಮಾಣದ ಅರಿಶಿನವು ಆರೋಗ್ಯವಂತರಿಗೆ ಸುರಕ್ಷಿತ. ಕರ್ಕ್ಯುಮಿನ್ ಅಂಶದ ದೈನಿಕ ಸೇವನೆಯ ಮಿತಿಯನ್ನು ಅಂತಾರಾಷ್ಟ್ರೀಯ ತಜ್ಞರ ಸಮಿತಿಯು ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 3 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. ಅಂದರೆ 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ದಿನಕ್ಕೆ 180 ಮಿಲಿಗ್ರಾಂ. ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಮಾತ್ರೆಗಳಲ್ಲಿ ಒಂದರಲ್ಲಿಯೇ 500 ಮಿಲಿಗ್ರಾಂ ಅಂಶವಿರುತ್ತದೆ.

ಅರಿಶಿನದ ಸಾರವುಳ್ಳ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿಯಲ್ಲಿ 2019ರಲ್ಲಿ ವರದಿಯಾದವು. 2022ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆಯೂ ಈ ಕುರಿತು ಎಚ್ಚರಿಕೆ ನೀಡಿತು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ಇಂತಹ 10 ಪ್ರಕರಣಗಳನ್ನು ವಿವರಿಸಿದ್ದು, ಕೆಲವರಲ್ಲಿ ಅನುವಂಶೀಯ ಕಾರಣದಿಂದ ಈ ಅಪಾಯ ಹೆಚ್ಚೆಂದು ತಿಳಿಸಿದೆ. ಹೀಗಾಗಿ ಕೆಳಕಂಡವರು ವೈದ್ಯರ ಸಲಹೆಯಿಲ್ಲದೆ ಅರಿಶಿನದ ಮಾತ್ರೆ ಅಥವಾ ಸಾರಗಳನ್ನು ಸೇವಿಸಬಾರದು:

1. ಯಕೃತ್ತಿನ ಕಾಯಿಲೆ, ಪಿತ್ತಕೋಶದ ಕಲ್ಲು ಅಥವಾ ಪಿತ್ತನಾಳದ ಅಡಚಣೆ ಇರುವವರು.
2. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮುಂತಾದ ಔಷಧಿಗಳನ್ನು ಸೇವಿಸುವವರು.
3. ಮಧುಮೇಹದ ಔಷಧಿ ಸೇವಿಸುತ್ತಿರುವವರು.
4. ಆಕ್ಸಲೇಟ್ ಬಗೆಯ ಮೂತ್ರಪಿಂಡದ ಕಲ್ಲು ಆಗಿರುವವರು.
5. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರು.
6. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು.
7. ಶಸ್ತ್ರಚಿಕಿತ್ಸೆಗೆ ಒಳಗಾಗಲಿರುವವರು.

ಕರಿಮೆಣಸಿನ ಸಾರವನ್ನು ಸೇರಿಸಿದ ಮಾತ್ರೆಗಳು ಇತರ ಔಷಧಿಗಳ ಹೀರಿಕೆಯನ್ನೂ ಹೆಚ್ಚಿಸಬಲ್ಲವು. ಆದ್ದರಿಂದ ಇಂತಹ ಮಾತ್ರೆಗಳನ್ನು ಸೇವಿಸುತ್ತಿರುವ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಸೇವನೆಯ ಅವಧಿಯಲ್ಲಿ ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ತೀವ್ರ ಆಯಾಸ ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕಲಬೆರಕೆ ಮತ್ತು ಅದರ ಅಪಾಯ

ಅರಿಶಿನಕ್ಕೆ ಪಿಷ್ಟ, ಸೀಮೆಸುಣ್ಣದ ಪುಡಿ, ಮೆಟಾನಿಲ್ ಯೆಲ್ಲೊ ಎಂಬ ಕೃತಕ ಬಣ್ಣ ಹಾಗೂ ಲೆಡ್ ಕ್ರೋಮೇಟ್ ಎಂಬ ಸೀಸದ ಸಂಯುಕ್ತವನ್ನು ಬೆರೆಸುವುದುಂಟು. ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಲೆಡ್ ಕ್ರೋಮೇಟ್. ಬಣ್ಣದ ಉದ್ಯಮದಲ್ಲಿ ಬಳಸುವ ಈ ಹಳದಿ ಪುಡಿಯನ್ನು ಮಂಕಾದ ಅಥವಾ ಕಳಪೆ ಕೊಂಬುಗಳಿಗೆ ಹೊಳಪು ಬರಿಸಲು ಹಚ್ಚಲಾಗುತ್ತದೆ.

ಸೀಸವು ದೇಹದಲ್ಲಿ ಸಂಗ್ರಹವಾಗುವ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಇದು ಕುಂಠಿತಗೊಳಿಸುತ್ತದೆ. ಕಲಿಕೆಯ ಸಾಮರ್ಥ್ಯ ಮತ್ತು ಏಕಾಗ್ರತೆಯನ್ನು ತಗ್ಗಿಸುತ್ತದೆ. ವಯಸ್ಕರಲ್ಲಿ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಗಳಿಗೆ ಕಾರಣವಾಗುತ್ತದೆ. ಗರ್ಭಿಣಿಯ ರಕ್ತದಿಂದ ಭ್ರೂಣಕ್ಕೂ ಇದು ಸೇರುತ್ತದೆ. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೇಯಿಸುವುದರಿಂದ ಸೀಸ ನಾಶವಾಗುವುದಿಲ್ಲ. ದಿನನಿತ್ಯದ ಸಾರಿನಲ್ಲಿ ಚಿಟಿಕೆಯಷ್ಟೇ ಸೇರಿದರೂ ವರ್ಷಗಳ ಕಾಲ ಸೇವಿಸಿದಾಗ ಮಗುವಿನ ದೇಹದಲ್ಲಿ ಅದು ಶೇಖರವಾಗುತ್ತದೆ. ರೋಗಲಕ್ಷಣಗಳು ಹೊರಗೆ ಕಾಣದಿರುವುದರಿಂದ ತಂದೆತಾಯಿಗಳಿಗೆ ಇದು ತಿಳಿಯುವುದೂ ಇಲ್ಲ.

ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಕಂಡುಬಂದ ಸೀಸಕ್ಕೆ ಅರಿಶಿನವು ಪ್ರಮುಖ ಮೂಲವೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1980ರ ದಶಕದ ಪ್ರವಾಹದಲ್ಲಿ ನೆನೆದು ಮಂಕಾದ ಅರಿಶಿನಕ್ಕೆ ಬಣ್ಣ ಬರಿಸಲು ಆರಂಭವಾದ ಈ ಪದ್ಧತಿ ಅಲ್ಲಿ ಬೇರೂರಿತ್ತು. ಅಲ್ಲಿನ ಸರ್ಕಾರವು ಸಗಟು ಮಾರುಕಟ್ಟೆಗಳಲ್ಲಿ ತಪಾಸಣೆ, ದಂಡ ಮತ್ತು ಪ್ರಚಾರವನ್ನು ಕೈಗೊಂಡ ಫಲವಾಗಿ, ಮಾರುಕಟ್ಟೆಯ ಮಾದರಿಗಳಲ್ಲಿ ಸೀಸ ಪತ್ತೆಯಾಗುವ ಪ್ರಮಾಣವು 2019ರಲ್ಲಿ ಶೇ. 47 ಇದ್ದುದು 2021ರ ವೇಳೆಗೆ ಶೂನ್ಯಕ್ಕೆ ಇಳಿಯಿತು. ಭಾರತದಲ್ಲಿಯೂ ಪಾಟ್ನಾ, ಗುವಾಹಟಿ ಮುಂತಾದ ಕೆಲವು ನಗರಗಳ ಮಾದರಿಗಳಲ್ಲಿ ಸೀಸದ ಅಂಶ ಅಧಿಕವಾಗಿರುವುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಗ್ರಾಹಕರು ಎಚ್ಚೆತ್ತು, ಅಧಿಕಾರಿಗಳು ಕ್ರಮ ಕೈಗೊಂಡಲ್ಲಿ ಈ ಪಿಡುಗನ್ನು ಸಂಪೂರ್ಣವಾಗಿ ತಡೆಗಟ್ಟಬಹುದು ಎಂಬುದಕ್ಕೆ ನೆರೆದೇಶದ ಅನುಭವವೇ ಸಾಕ್ಷಿ.

ಭಾರತದ ಆಹಾರ ಗುಣಮಟ್ಟದ ನಿಯಮಗಳಂತೆ ಅರಿಶಿನ ಪುಡಿಯಲ್ಲಿ ಯಾವುದೇ ಹೊರಗಿನ ಬಣ್ಣ ಇರಬಾರದು. ಲೆಡ್ ಕ್ರೋಮೇಟ್ ಪರೀಕ್ಷೆಯಲ್ಲಿ ಅದರ ಅಂಶ ಕಂಡುಬರಬಾರದು. ಕರ್ಕ್ಯುಮಿನಾಯ್ಡ್ ಅಂಶವು ಶೇ. 2ಕ್ಕಿಂತ ಕಡಿಮೆ ಇರಬಾರದು. ಪುಡಿ ಮಾಡಿದ ಸಾಂಬಾರ ಪದಾರ್ಥಗಳನ್ನು ಪೊಟ್ಟಣವಿಲ್ಲದೆ ಬಿಡಿಯಾಗಿ ಮಾರಾಟ ಮಾಡುವಂತಿಲ್ಲ.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ದಿನಾಂಕ ಹಾಗೂ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.
2. ಅತಿಯಾದ ಹೊಳಪಿನ, ನುಣುಪಾದ, ಕೈಗೆ ಬಣ್ಣ ಹತ್ತುವ ಕೊಂಬನ್ನು ಆರಿಸಬಾರದು. ಮಂಕಾದ, ಸ್ವಲ್ಪ ಒರಟಾದ ಕೊಂಬು ಕಳಪೆಯೆಂದು ಭಾವಿಸಬೇಕಾಗಿಲ್ಲ.
3. ಪೂಜೆಗೆಂದು ಮಾರುವ ಅರಿಶಿನ ಪುಡಿಯನ್ನು ಅಡುಗೆಗೆ ಬಳಸಬಾರದು. ಅದು ಆಹಾರದ ಗುಣಮಟ್ಟಕ್ಕೆ ಒಳಪಟ್ಟಿರುವುದಿಲ್ಲ.
4. ರಸೀದಿಯನ್ನು ಪಡೆದು ಇಟ್ಟುಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ ಸರಳ ಪರೀಕ್ಷೆ

ಕೊಂಬಿಗೆ: ಒಂದು ಗಾಜಿನ ಲೋಟದ ನೀರಿಗೆ ಅರಿಶಿನದ ಕೊಂಬನ್ನು ಹಾಕಬೇಕು. ಶುದ್ಧ ಕೊಂಬಿನಿಂದ ಬಣ್ಣ ಬಿಡುವುದಿಲ್ಲ. ಬಣ್ಣ ಲೇಪಿಸಿದ ಕೊಂಬು ಕೂಡಲೇ ನೀರಿಗೆ ಗಾಢ ಹಳದಿ ಬಣ್ಣ ಬಿಡುತ್ತದೆ.

ಪುಡಿಗೆ: ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕದೆ ಬಿಡಬೇಕು. ಶುದ್ಧ ಪುಡಿ ತಳ ಸೇರುವಾಗ ನೀರು ತಿಳಿ ಹಳದಿಯಾಗುತ್ತದೆ. ಕೃತಕ ಬಣ್ಣವಿದ್ದಲ್ಲಿ ನೀರು ಗಾಢ ಹಳದಿಯಾಗುತ್ತದೆ.

ಈ ಪರೀಕ್ಷೆಗಳು ಸಂಶಯವನ್ನು ಸೂಚಿಸಬಲ್ಲವೇ ಹೊರತು ಅಂತಿಮ ನಿರ್ಣಯವನ್ನು ನೀಡಲಾರವು. ಆಮ್ಲ ಬಳಸಿ ಮಾಡುವ ಪರೀಕ್ಷೆಗಳನ್ನು ಮನೆಯಲ್ಲಿ ಕೈಗೊಳ್ಳಬಾರದು. ಸೀಸದ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಮಾತ್ರ ನಿಖರವಾಗಿ ತಿಳಿಯಲು ಸಾಧ್ಯ.

ಮಾದರಿ ಪರೀಕ್ಷೆ ಹಾಗೂ ದೂರು ಸಲ್ಲಿಸುವ ವಿಧಾನ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 40ರ ಅನ್ವಯ ಯಾವುದೇ ಗ್ರಾಹಕರು ತಾವು ಖರೀದಿಸಿದ ಆಹಾರ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು ಹೊಂದಿರುತ್ತಾರೆ. ಇದಕ್ಕೆ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಖರೀದಿಸುವ ಸಮಯದಲ್ಲಿಯೇ, ಪದಾರ್ಥವನ್ನು ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಮಾರಾಟಗಾರರಿಗೆ ತಿಳಿಸಬೇಕು.
2. ಪೊಟ್ಟಣವನ್ನು ತೆರೆಯದೆ, ರಸೀದಿಯೊಂದಿಗೆ ಇಟ್ಟುಕೊಳ್ಳಬೇಕು.
3. ನಿಗದಿತ ಶುಲ್ಕದೊಂದಿಗೆ ಮಾದರಿಯನ್ನು ಆಹಾರ ವಿಶ್ಲೇಷಕರಿಗೆ ಸಲ್ಲಿಸಬೇಕು. ಈ ಬಗ್ಗೆ ಜಿಲ್ಲೆಯ ಅಂಕಿತ ಅಧಿಕಾರಿಗಳ ಕಚೇರಿಯಲ್ಲಿ ಅಥವಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ವಿಚಾರಿಸಬಹುದು.
4. ಮಾದರಿಯನ್ನು ಸ್ವೀಕರಿಸಿದ 14 ದಿನಗಳೊಳಗೆ ವಿಶ್ಲೇಷಕರು ವರದಿಯ ಪ್ರತಿಯನ್ನು ಖರೀದಿದಾರರಿಗೂ ಅಂಕಿತ ಅಧಿಕಾರಿಗಳಿಗೂ ಕಳುಹಿಸಬೇಕಾಗಿರುತ್ತದೆ.
5. ಪದಾರ್ಥವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿಯಲ್ಲಿ ಕಂಡುಬಂದಲ್ಲಿ ಪಾವತಿಸಿದ ಶುಲ್ಕವನ್ನು ಮರಳಿ ಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ.

ಪರೀಕ್ಷೆ ಮಾಡಿಸದೆಯೂ ದೂರು ನೀಡಬಹುದಾಗಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಶುಲ್ಕರಹಿತ ಸಹಾಯವಾಣಿ 1800 11 2100ಕ್ಕೆ ಕರೆ ಮಾಡಬಹುದು ಅಥವಾ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಮೂಲಕ ದೂರು ದಾಖಲಿಸಬಹುದು. ದೂರಿನಲ್ಲಿ ಪದಾರ್ಥದ ಹೆಸರು, ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಖರೀದಿಸಿದ ಸ್ಥಳ ಹಾಗೂ ದಿನಾಂಕವನ್ನು ನಮೂದಿಸಿ, ಪೊಟ್ಟಣದ ಛಾಯಾಚಿತ್ರವನ್ನು ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

ಸಾರಾಂಶ

ಅರಿಶಿನವು ಆಹಾರವಾಗಿ ಹಿತಕಾರಿ, ಮನೆಮದ್ದಾಗಿ ಸಣ್ಣ ತೊಂದರೆಗಳಿಗೆ ಉಪಶಮನಕಾರಿ. ಗಂಭೀರ ಕಾಯಿಲೆಗಳಿಗೆ ಅದು ಚಿಕಿತ್ಸೆಗೆ ಬದಲಿಯಲ್ಲ. ಮಿತವಾದ ಪ್ರಮಾಣ, ಆಹಾರದೊಂದಿಗೆ ಸೇವನೆ, ಮಾತ್ರೆಗಳ ವಿಷಯದಲ್ಲಿ ವೈದ್ಯರ ಸಲಹೆ – ಇವು ಪಾಲಿಸಬೇಕಾದ ನಿಯಮಗಳು. ಬಣ್ಣದ ಹೊಳಪನ್ನು ನೋಡಿ ಅರಿಶಿನವನ್ನು ಕೊಳ್ಳುವ ರೂಢಿಯೇ ಕಲಬೆರಕೆಗೆ ಪ್ರೋತ್ಸಾಹ ನೀಡುತ್ತಿದೆ. ಸಾರ್ವಜನಿಕರು ಹೊಳಪಿಗೆ ಮರುಳಾಗದೆ ಶುದ್ಧತೆಯನ್ನು ಕೇಳಿ ಪಡೆಯಬೇಕು ಹಾಗೂ ಸಂಶಯ ಬಂದಲ್ಲಿ ಕಾಯ್ದೆಯು ನೀಡಿರುವ ಪರೀಕ್ಷೆಯ ಹಕ್ಕನ್ನು ಬಳಸಿಕೊಳ್ಳಬೇಕು.